ನಗರಸಭೆಯ ಬಜೆಟ್ ಸಭೆಯಲ್ಲಿ ನಿಮ್ಮ ಮಾತು ದಾಖಲಾಗಬೇಕೆ? ಆಸ್ತಿ ತೆರಿಗೆಯಿಂದ ನಡಾವಳಿಯವರೆಗೆ ಸಮಗ್ರ ಮಾರ್ಗದರ್ಶಿ

"ಬಜೆಟ್ ಪೂರ್ವಭಾವಿ ಸಭೆಗೆ ಹೋಗಿದ್ದೆವು, ಮಾತಾಡಿದೆವು, ಏನೂ ಆಗಲಿಲ್ಲ." ಪ್ರತಿವರ್ಷ ಫೆಬ್ರುವರಿ ಕಳೆಯುತ್ತಿದ್ದಂತೆ ಊರೂರಲ್ಲಿ ಕೇಳಿಬರುವ ಮಾತಿದು. ಹೀಗೆ ಹೇಳುವವರನ್ನು ಕೂರಿಸಿ ವಿಚಾರಿಸಿದರೆ ಹೆಚ್ಚುಕಡಿಮೆ ಒಂದೇ ಸಂಗತಿ ಹೊರಬರುತ್ತದೆ. ಸ್ವಂತ ಮನೆಯ ತೆರಿಗೆ ಜಾಸ್ತಿ ಬಂದ ದೂರನ್ನು ಬಜೆಟ್ ಸಭೆಗೆ ಒಯ್ದಿರುತ್ತಾರೆ. ಕೈಯಲ್ಲಿ ಒಂದೂ ಅಂಕಿ ಇರುವುದಿಲ್ಲ. ಬರೆದುಕೊಟ್ಟ ಕಾಗದವೂ ಇರುವುದಿಲ್ಲ. ಅಧಿಕಾರಿಗಳು "ಪರಿಶೀಲಿಸುತ್ತೇವೆ" ಎನ್ನುತ್ತಾರೆ, ಕಾಫಿ ಬರುತ್ತದೆ, ಸಭೆ ಮುಗಿಯುತ್ತದೆ.

ಈ ಬರಹ ಕರ್ನಾಟಕದ ಪಟ್ಟಣ ಪಂಚಾಯಿತಿ, ಪುರಸಭೆ ಮತ್ತು ನಗರಸಭೆಗಳಿಗೆ ಹೊಂದುತ್ತದೆ. ಇವು ಮೂರೂ ಕರ್ನಾಟಕ ಪೌರಸಭೆಗಳ ಅಧಿನಿಯಮ 1964ರ ಕೆಳಗೆ ಬರುತ್ತವೆ. ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆಯಿದೆ, ಬೆಂಗಳೂರಿಗೆ ಪ್ರತ್ಯೇಕ ಕಾನೂನು. ಅಲ್ಲಿನ ನಿವಾಸಿಗಳಿಗೂ ಕೆಲವು ಹಂತಗಳು ಉಪಯೋಗಕ್ಕೆ ಬಂದಾವು, ಆದರೆ ನಿಯಮ ಒಂದೇ ಎಂದುಕೊಳ್ಳಬೇಡಿ.

## ಹಂತ 1: ನಿಮ್ಮ ದೂರು ಯಾವುದೆಂದು ಮೊದಲು ತೀರ್ಮಾನಿಸಿ

ಎಲ್ಲಕ್ಕಿಂತ ಮುಂಚೆ ಮಾಡಬೇಕಾದ್ದು ಇದು. ಇದನ್ನು ಬಿಟ್ಟರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ನನ್ನ ಮನೆಯ ತೆರಿಗೆ ತಪ್ಪಾಗಿದೆ. ಅಳತೆ ತಪ್ಪು, ವಾಸದ ಮನೆಯನ್ನು ವಾಣಿಜ್ಯ ಎಂದು ಹಾಕಿದ್ದಾರೆ, ಕಟ್ಟಿದ ಹಣ ಬಾಕಿಯಲ್ಲಿ ತೋರಿಸುತ್ತಿದೆ ಎಂಬಂಥವು. ಇದು ಕಂದಾಯ ಶಾಖೆಯ ಕೆಲಸ. ವರ್ಷದ ಯಾವ ದಿನ ಬೇಕಾದರೂ ಅರ್ಜಿ ಕೊಡಬಹುದು, ಬಜೆಟ್ ಸಭೆಗೆ ಕಾಯಬೇಕಿಲ್ಲ.

ಇಡೀ ಊರಿನ ತೆರಿಗೆ ದರ ಹೆಚ್ಚಿಸುತ್ತಿದ್ದಾರೆ. ಇದಕ್ಕೆ ಪ್ರತ್ಯೇಕ ನೋಟಿಸು ಹೊರಡುತ್ತದೆ, ಆಕ್ಷೇಪಣೆಗೆ ಗಡುವು ಇರುತ್ತದೆ. ಆ ಗಡುವಿನೊಳಗೆ ಬರಹದಲ್ಲಿ ಕೊಟ್ಟ ಆಕ್ಷೇಪಣೆಗೆ ಮಾತ್ರ ಬೆಲೆ.

ಕಟ್ಟಿದ ತೆರಿಗೆ ಎಲ್ಲಿಗೆ ಹೋಗುತ್ತಿದೆ, ಮುಂದಿನ ವರ್ಷ ಎಲ್ಲಿಗೆ ಹೋಗಬೇಕು. ಬಜೆಟ್ ಪೂರ್ವಭಾವಿ ಸಭೆ ಇರುವುದು ಈ ಮೂರನೆಯದಕ್ಕೆ.

ಮೂರನ್ನೂ ಒಂದೇ ಅರ್ಜಿಯಲ್ಲಿ ತುಂಬಿಸುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಅಂಥ ಅರ್ಜಿ ಕಂದಾಯ ಶಾಖೆಯಿಂದ ಲೆಕ್ಕ ಶಾಖೆಗೆ, ಅಲ್ಲಿಂದ ಎಂಜಿನಿಯರ್ ಶಾಖೆಗೆ ತಿರುಗುತ್ತದೆ, ಯಾರೂ ಅದನ್ನು ತಮ್ಮದೆಂದು ಇಟ್ಟುಕೊಳ್ಳುವುದಿಲ್ಲ. ಮೂರು ವಿಷಯವಿದ್ದರೆ ಮೂರು ಅರ್ಜಿ ಬರೆಯಿರಿ.

## ಹಂತ 2: ಸಭೆಯ ದಿನಾಂಕ ಹಿಡಿಯಿರಿ

ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯಕ್ಕೆಂದೇ 2006ರ ನಿಯಮಗಳಿವೆ. ಬಜೆಟ್ ಸಿದ್ಧಪಡಿಸುವ ಮುನ್ನ ಸಾರ್ವಜನಿಕರ ಸಲಹೆ ಪಡೆಯುವ ಸಭೆಗಳು ನಡೆಯುವುದು ಅವುಗಳ ಪ್ರಕಾರ. ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಸಾಮಾನ್ಯವಾಗಿ ಎರಡು ಸಭೆ ಆಗುತ್ತವೆ. ಮೊದಲನೆಯದು ಸಲಹೆ ಕೇಳುವುದಕ್ಕೆ, ಎರಡನೆಯದು ಕರಡಿನ ಮೇಲೆ ಚರ್ಚೆಗೆ. ಹೊಸ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುವುದರಿಂದ ಅದಕ್ಕೂ ಮುಂಚೆ ಕೌನ್ಸಿಲ್ (ಚುನಾಯಿತ ಸದಸ್ಯರ ಸಭೆ) ಬಜೆಟ್‌ಗೆ ಅನುಮೋದನೆ ಕೊಡಬೇಕು.

ಮೊದಲ ಸಭೆಗೇ ಹೋಗಿ. ಎರಡನೆಯ ಸಭೆ ಹೊತ್ತಿಗೆ ಅಂಕಿಗಳು ಬಹುಮಟ್ಟಿಗೆ ಗಟ್ಟಿಯಾಗಿರುತ್ತವೆ, ಆಗ ಹೊಸ ಬೇಡಿಕೆ ಸೇರಿಸಬೇಕಾದರೆ ಇನ್ನಾವುದನ್ನೋ ಕತ್ತರಿಸಬೇಕು.

ಸಭೆಯ ತಿಳಿವಳಿಕೆ ಬರುವುದು ಕಚೇರಿಯ ಸೂಚನಾ ಫಲಕದಲ್ಲಿ, ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ, ಇಲ್ಲವೇ ಪೌರಸಂಸ್ಥೆಯ ಜಾಲತಾಣದಲ್ಲಿ. ಎರಡು ದಿನ ಮುಂಚೆ ಪ್ರಕಟಿಸಿ ಮುಗಿಸುವ ಊರುಗಳೂ ಇವೆ. ಆದ್ದರಿಂದ ನವೆಂಬರ್ ಕೊನೆಯಲ್ಲೇ ಪೌರಾಯುಕ್ತರಿಗೆ ಒಂದು ಪತ್ರ ಬರೆಯಿರಿ. ಪುರಸಭೆ, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ. "ಮುಂದಿನ ಸಾಲಿನ ಆಯವ್ಯಯ ಪೂರ್ವಭಾವಿ ಸಭೆಗಳ ದಿನಾಂಕವನ್ನು ಕನಿಷ್ಠ ಒಂದು ವಾರ ಮೊದಲು ತಿಳಿಸಬೇಕು" ಎಂಬ ಒಂದೇ ವಾಕ್ಯ ಸಾಕು. ಲೆಕ್ಕ ಶಾಖೆಯವರ ಜೊತೆ ಮುಖಪರಿಚಯ ಇದ್ದರೆ ಇನ್ನೂ ಒಳ್ಳೆಯದು.

ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಊರಾದರೆ ಈ ಸಭೆ ಇನ್ನೂ ಮುಖ್ಯ. ವಾರ್ಡಿನ ಪರವಾಗಿ ಕೇಳಲು ಅಲ್ಲಿ ಬೇರೆ ಯಾರೂ ಇರುವುದಿಲ್ಲ.

## ಹಂತ 3: ಕಾಗದಪತ್ರ ಒಟ್ಟುಮಾಡಿ

ಬೇಕಾದವು ಇಷ್ಟು: ಪ್ರಸಕ್ತ ಸಾಲಿನ ಬಜೆಟ್ ಪುಸ್ತಕ, ಹಿಂದಿನ ಸಾಲಿನದು, ಆಸ್ತಿ ತೆರಿಗೆಯ ಬೇಡಿಕೆ–ವಸೂಲಿ–ಬಾಕಿ ತಃಖ್ತೆ (ಕಚೇರಿಯಲ್ಲಿ ಇದನ್ನು 'ಡಿಸಿಬಿ' ಎನ್ನುತ್ತಾರೆ), ನಿಮ್ಮ ವಾರ್ಡಿನಲ್ಲಿ ಈ ವರ್ಷ ನಡೆದ ಕಾಮಗಾರಿಗಳ ಪಟ್ಟಿ, ನಿಮ್ಮ ತೆರಿಗೆ ರಸೀದಿ ಮತ್ತು ಇ-ಖಾತಾ ಪ್ರತಿ.

ಮೊದಲು ಬಾಯಿಮಾತಿನಲ್ಲಿ ಕೇಳಿ. ಬಜೆಟ್ ಹಂಚಿಕೆಯ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಹೇಳುತ್ತದೆ. ಅದನ್ನು ನೆನಪಿಸಿದರೆ ಎಷ್ಟೋ ಕಡೆ ಅಲ್ಲೇ ಪ್ರತಿ ಕೊಡುತ್ತಾರೆ. ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಉತ್ತರಕ್ಕೆ 30 ದಿನ ಹಿಡಿಯುವುದರಿಂದ ನವೆಂಬರ್‌ನಲ್ಲೇ ಹಾಕಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಬಜೆಟ್ ಪುಸ್ತಕಕ್ಕೆ ಒಂದು, ಡಿಸಿಬಿಗೆ ಒಂದು, ಕಾಮಗಾರಿ ಪಟ್ಟಿಗೆ ಒಂದು ಎಂದು ಬೇರೆ ಬೇರೆ ಬರೆಯಿರಿ. ಎಲ್ಲವನ್ನೂ ಒಂದರಲ್ಲಿ ಕೇಳಿದರೆ ತಿರಸ್ಕರಿಸಲು ನೀವೇ ಕಾರಣ ಕೊಟ್ಟಂತೆ.

## ಹಂತ 4: ಬಜೆಟ್ ಪುಸ್ತಕವನ್ನು ಓದುವ ಕ್ರಮ

ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಪುಟ ತೆರೆದರೆ ಬರೀ ಅಂಕಣಗಳು, ಸಂಕೇತ ಸಂಖ್ಯೆಗಳು. ಆದರೆ ನೀವು ಎಲ್ಲವನ್ನೂ ಓದಬೇಕಾಗಿಲ್ಲ.

ಮೊದಲು ಅಂಕಣಗಳನ್ನು ಗುರುತಿಸಿ. ಒಂದು ಸಾಲಿನ ಮುಂದೆ ಸಾಮಾನ್ಯವಾಗಿ ಹಿಂದಿನ ವರ್ಷದ ವಾಸ್ತವಿಕ ಅಂಕಿ, ಈ ವರ್ಷದ ಅಂದಾಜು, ಈವರೆಗಿನ ವಾಸ್ತವಿಕ, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಇರುತ್ತವೆ. ಸಭೆಯಲ್ಲಿ ಗಟ್ಟಿಯಾಗಿ ಓದುವುದು ಕೊನೆಯದನ್ನು. ನೀವು ನೋಡಬೇಕಾದದ್ದು ವಾಸ್ತವಿಕವನ್ನು. ಚರಂಡಿ ದುರಸ್ತಿಗೆ 40 ಲಕ್ಷ ಇಟ್ಟು, ಡಿಸೆಂಬರ್ ಕೊನೆಗೆ 6 ಲಕ್ಷ ಖರ್ಚಾಗಿ, ಮುಂದಿನ ವರ್ಷಕ್ಕೆ 50 ಲಕ್ಷ ಎಂದು ಬರೆದಿದ್ದಾರೆ ಎಂದುಕೊಳ್ಳಿ. ಅಲ್ಲಿ ಕೇಳಬೇಕಾದದ್ದು 60 ಲಕ್ಷವನ್ನಲ್ಲ. 34 ಲಕ್ಷ ಯಾಕೆ ಖರ್ಚಾಗಲಿಲ್ಲ ಎಂದು ಕೇಳಬೇಕು. ಟೆಂಡರ್ ಕರೆಯಲಿಲ್ಲವೇ, ಕರೆದರೂ ಯಾರೂ ಬರಲಿಲ್ಲವೇ, ಹಣವೇ ಬರಲಿಲ್ಲವೇ ಎಂಬ ಮೂರಕ್ಕೆ ಉತ್ತರ ಬೇರೆ ಬೇರೆ.

ನಂತರ ಆದಾಯದ ಭಾಗ. ಇಲ್ಲಿ ಎರಡು ಬಗೆಯ ಹಣವನ್ನು ಬೇರ್ಪಡಿಸಿ. ಸ್ವಂತ ಸಂಪನ್ಮೂಲ ಎಂದರೆ ಆಸ್ತಿ ತೆರಿಗೆ, ನೀರಿನ ಶುಲ್ಕ, ಉದ್ದಿಮೆ ಪರವಾನಗಿ, ಮಳಿಗೆ ಬಾಡಿಗೆ, ಸಂತೆ ಹರಾಜು, ಕಟ್ಟಡ ಪರವಾನಗಿ ಶುಲ್ಕ, ಖಾತಾ ಬದಲಾವಣೆ ಶುಲ್ಕ. ಅನುದಾನ ಎಂದರೆ ರಾಜ್ಯ ಹಣಕಾಸು ಆಯೋಗದ ವೇತನ, ವಿದ್ಯುತ್ ಮತ್ತು ಮುಕ್ತನಿಧಿ (ಇಂಥದ್ದಕ್ಕೇ ಎಂಬ ಶರತ್ತಿಲ್ಲದ ಹಣ), ಕೇಂದ್ರ ಹಣಕಾಸು ಆಯೋಗದ ಹಣ, ನಗರೋತ್ಥಾನ, ಅಮೃತ್, ಸ್ವಚ್ಛ ಭಾರತದಂಥ ಯೋಜನೆಗಳ ಹಣ. ಯೋಜನೆಯ ಹಣಕ್ಕೆ ಶರತ್ತು ಇರುತ್ತದೆ. ಕುಡಿಯುವ ನೀರಿಗೆ ಬಂದದ್ದನ್ನು ಉದ್ಯಾನಕ್ಕೆ ಹಾಕಿ ಎಂದು ಕೇಳಿದರೆ "ಅವಕಾಶವಿಲ್ಲ" ಎಂಬ ಒಂದೇ ಮಾತಿನಲ್ಲಿ ನಿಮ್ಮ ಸರದಿ ಮುಗಿಯುತ್ತದೆ. ನಿಮ್ಮ ಬೇಡಿಕೆಯನ್ನು ಸ್ವಂತ ಸಂಪನ್ಮೂಲಕ್ಕೋ ಮುಕ್ತನಿಧಿಗೋ ಕಟ್ಟಿಹಾಕಿ.

ಮೀಸಲು ಸಾಲುಗಳನ್ನು ಹುಡುಕಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಅಭಿವೃದ್ಧಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂಬ ಶೀರ್ಷಿಕೆಗಳಿರುತ್ತವೆ. ಪ್ರತಿ ಬಜೆಟ್‌ನಲ್ಲೂ ಇವು ಅಚ್ಚುಕಟ್ಟಾಗಿ ಕಾಣುತ್ತವೆ. ಇಲ್ಲಿ ವಾಸ್ತವಿಕ ಅಂಕಣ ಖಾಲಿಯಿದ್ದರೆ ನೀವು ಸುಮ್ಮನಿರಬಾರದು. ಫಲಾನುಭವಿಗಳ ಪಟ್ಟಿ ತಯಾರಾಗಿಲ್ಲ, ಅರ್ಜಿ ಕರೆದಿಲ್ಲ ಎಂಬಷ್ಟಕ್ಕೇ ಆ ಹಣ ಉಳಿದುಬಿಡುವುದುಂಟು. ಆ ಹಣಕ್ಕೆ ಕಾದವರಲ್ಲಿ ಅನೇಕರು ಸಭೆಗೆ ಬರುವ ಸ್ಥಿತಿಯಲ್ಲಿರುವುದಿಲ್ಲ. ಅವರ ಪರವಾಗಿ ಕೇಳುವ ಒಂದು ಪ್ರಶ್ನೆ ನಿಮ್ಮ ಪಟ್ಟಿಯಲ್ಲಿ ಇರಲೇಬೇಕೆಂದು ನನ್ನ ಕಳಕಳಿ.

ಕೊನೆಗೆ ಡಿಸಿಬಿ. ತೆರಿಗೆ ಹೆಚ್ಚಿಸಲೇಬೇಕು ಎನ್ನುವ ವಾದಕ್ಕೆ ಉತ್ತರ ಸಿಗುವುದು ಈ ತಃಖ್ತೆಯಲ್ಲಿ. ಒಟ್ಟು ಬೇಡಿಕೆಯಲ್ಲಿ ಎಷ್ಟು ವಸೂಲಾಗಿದೆ, ಹಳೆಯ ಬಾಕಿ ಎಷ್ಟು, ಬಾಕಿದಾರರಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳೆಷ್ಟು ಎಂದು ನೋಡಿ. ಮಳಿಗೆ ಬಾಡಿಗೆಯ ಬಾಕಿಯನ್ನೂ ಇದರ ಪಕ್ಕದಲ್ಲಿಡಿ. "ದರ ಏರಿಸುವ ಮುನ್ನ ಬಾಕಿ ವಸೂಲಿ ಮಾಡಿ" ಎಂದು ಬರಿದೆ ಹೇಳಿದರೆ ಅದು ಘೋಷಣೆ. ಬಾಕಿಯ ಮೊತ್ತ ಇಟ್ಟು ಹೇಳಿದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಎಚ್ಚರ ವಹಿಸಬೇಕಾದ ಕೆಲವು ಸೂಚನೆಗಳು: ಆಸ್ತಿ ತೆರಿಗೆಯ ವಸೂಲಿ ಹಿಂದಿನ ವರ್ಷಕ್ಕಿಂತ ದುಪ್ಪಟ್ಟಾಗುತ್ತದೆಂಬ ಅಂದಾಜು, ಅದಕ್ಕೆ ಕಾರಣ ಮಾತ್ರ ಎಲ್ಲೂ ಇಲ್ಲ, "ಇತರೆ", "ಸಂಕೀರ್ಣ" ಎಂಬ ಶೀರ್ಷಿಕೆಯಲ್ಲಿ ದೊಡ್ಡ ಮೊತ್ತ, ದೊಡ್ಡ ಆರಂಭಿಕ ಶಿಲ್ಕನ್ನು (ಹಿಂದಿನ ವರ್ಷದಿಂದ ಉಳಿದು ಬಂದ ಹಣ) ಸೇರಿಸಿಕೊಂಡು "ಉಳಿತಾಯ ಬಜೆಟ್" ಎಂದು ಘೋಷಿಸುವುದು. ಉಳಿತಾಯ ಎಂಬ ಪದ ಕೇಳಿ ಚಪ್ಪಾಳೆ ತಟ್ಟಬೇಡಿ. ಕಳೆದ ವರ್ಷ ಮಾಡದೆ ಬಿಟ್ಟ ಕೆಲಸದ ಹಣವೂ ಅದರೊಳಗೆ ಕೂತಿರಬಹುದು.

## ಹಂತ 5: ನಿಮ್ಮ ತೆರಿಗೆ ರಸೀದಿಯನ್ನು ಬಿಡಿಸಿ ನೋಡಿ

ರಸೀದಿಯಲ್ಲಿರುವ ಮೊತ್ತವೆಲ್ಲ ನಗರಸಭೆಯ ತೆರಿಗೆಯಲ್ಲ. ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ನಗರ ಸಾರಿಗೆ ಕರ ಶೇ 2 ಸೇರುತ್ತವೆ. ತೆರಿಗೆ 2,000 ರೂಪಾಯಿ ಇದ್ದರೆ ಈ ಕರಗಳು 300, 120, 60, 40, ಒಟ್ಟು 520. ಕಟ್ಟಬೇಕಾದದ್ದು 2,520. ಘನತ್ಯಾಜ್ಯ ಶುಲ್ಕ ಇದ್ದರೆ ಅದು ಬೇರೆ. ಈ ಕರಗಳು ರಾಜ್ಯದ ಕಾನೂನುಗಳಿಂದ ಬಂದವು. ಗ್ರಂಥಾಲಯ ಕರ ಗ್ರಂಥಾಲಯ ಪ್ರಾಧಿಕಾರಕ್ಕೆ, ಭಿಕ್ಷುಕರ ಕರ ಭಿಕ್ಷುಕರ ಪುನರ್ವಸತಿಗೆ ಹೋಗಬೇಕು. ಅವನ್ನು ಕಡಿಮೆ ಮಾಡಿ ಎಂದು ನಗರಸಭೆಯ ಸಭೆಯಲ್ಲಿ ಕೇಳಿದರೆ ಪ್ರಯೋಜನವಿಲ್ಲ. ವಸೂಲಿ ಮಾಡಿದ ಗ್ರಂಥಾಲಯ ಕರವನ್ನು ಪೂರ್ತಿ ಪಾವತಿಸಿದ್ದೀರಾ ಎಂದು ಮಾತ್ರ ಧಾರಾಳವಾಗಿ ಕೇಳಬಹುದು.

ದರ ಏರಿಸದೆಯೂ ತೆರಿಗೆ ಏರಬಹುದು. ಲೆಕ್ಕದ ಬುಡದಲ್ಲಿ ಇರುವುದು ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಬೆಲೆ. ಅದನ್ನು ನಗರಸಭೆ ನಿಗದಿ ಮಾಡುವುದಿಲ್ಲ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಹೊಸ ಮಾರ್ಗಸೂಚಿ ದರಗಳು ಜಾರಿಗೆ ಬಂದವು. ಹಾಗಾಗಿ ತೆರಿಗೆ ಜಾಸ್ತಿ ಬಂತೆಂದು ಸದಸ್ಯರ ಮೇಲೆ ಹರಿಹಾಯುವ ಮುನ್ನ ಏರಿದ್ದು ಯಾವುದೆಂದು ನೋಡಿ: ಮಾರ್ಗಸೂಚಿ ದರವೋ, ಶೇಕಡಾವಾರು ತೆರಿಗೆ ದರವೋ, ಇಲ್ಲ ನಿಮ್ಮ ಕಟ್ಟಡದ ಅಳತೆಯೋ. ಮೊದಲನೆಯದಾದರೆ ಮಾರ್ಗಸೂಚಿ ದರದ ಕರಡು ಪ್ರಕಟವಾದಾಗ ನೋಂದಣಿ ಇಲಾಖೆಯ ಸಮಿತಿಗೆ ಆಕ್ಷೇಪಣೆ ಹೋಗಬೇಕು.

ಎರಡನೆಯದಾದರೆ ನಗರಸಭೆ ಹೊರಡಿಸಿದ ನೋಟಿಸನ್ನು ಕೇಳಿ ಪಡೆಯಿರಿ. ಪೌರಸಭೆ ತೆರಿಗೆ ವಿಧಿಸಬೇಕಾದರೆ ನಿರ್ಣಯ ಮಾಡಿ, ಪ್ರಕಟಿಸಿ, ನಿವಾಸಿಗಳ ಆಕ್ಷೇಪಣೆಗೆ ಸಮಯ ಕೊಡಬೇಕು. ಸಾಮಾನ್ಯವಾಗಿ ಅದು 30 ದಿನ. ನೋಟಿಸಿನಲ್ಲಿ ಬರೆದ ದಿನಾಂಕವೇ ಅಂತಿಮ. ಆಕ್ಷೇಪಣೆಯಲ್ಲಿ "ಹೊರೆಯಾಗುತ್ತದೆ" ಎಂದಷ್ಟೇ ಬರೆದರೆ ಸಾಲದು. ಈಗಿನ ದರದಲ್ಲಿ ನಿಮ್ಮ ಬೀದಿಯ ಒಂದು ಸಣ್ಣ ಮನೆ, ಒಂದು ಮಧ್ಯಮ ಮನೆ, ಒಂದು ಅಂಗಡಿ ಎಷ್ಟು ಕಟ್ಟುತ್ತವೆ, ಹೊಸ ದರದಲ್ಲಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ಕೊಡಿ. ನಿಮಗೆ ಒಪ್ಪಿಗೆಯಾಗುವ ದರ ಯಾವುದೆಂದೂ ಬರೆಯಿರಿ.

ಮೂರನೆಯದಾದರೆ ಕಂದಾಯ ಶಾಖೆಗೆ ಅರ್ಜಿ ಕೊಟ್ಟು ಸ್ಥಳ ಪರಿಶೀಲನೆ ಕೇಳಿ. ಬಿಲ್ ಕಲೆಕ್ಟರ್ ಅಥವಾ ಕಂದಾಯ ನಿರೀಕ್ಷಕರು ಅಳತೆಗೆ ಬಂದಾಗ ನೀವು ಎದುರಿಗಿರಿ.

ಇಲ್ಲೊಂದು ಕಟ್ಟುನಿಟ್ಟಿನ ಸಲಹೆ. ತಕರಾರು ಇದೆಯೆಂದು ತೆರಿಗೆ ಕಟ್ಟುವುದನ್ನೇ ನಿಲ್ಲಿಸಬೇಡಿ. ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ಕೊನೆಯವರೆಗೆ ದಂಡವಿಲ್ಲ, ಆಮೇಲೆ ತಿಂಗಳಿಗೆ ಶೇ 2ರಂತೆ ದಂಡ ಬೀಳುತ್ತದೆ. "ನನ್ನ ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ" ಎಂದು ಬರೆದ ಪತ್ರವನ್ನು ರಸೀದಿಯ ನಕಲಿನ ಜೊತೆ ಕೊಟ್ಟಿಡಿ.

## ಹಂತ 6: ಮನವಿ ಬರೆಯಿರಿ, ಸ್ವೀಕೃತಿ ಪಡೆಯಿರಿ

ಒಂದು ಪುಟ. ಅದಕ್ಕಿಂತ ಹೆಚ್ಚಾದರೆ ಓದುವವರಿಲ್ಲ. ಕ್ರಮ ಹೀಗಿರಲಿ: ವಿಷಯ, ಬಜೆಟ್ ಪುಸ್ತಕದ ಪುಟ ಮತ್ತು ಲೆಕ್ಕ ಶೀರ್ಷಿಕೆ, ಈಗಿನ ಅಂಕಿ, ಸ್ಥಳದ ಸ್ಥಿತಿ, ನಿಮ್ಮ ಕೋರಿಕೆ, ಅದಕ್ಕೆ ಹಣ ಎಲ್ಲಿಂದ.

ಮಾದರಿಗೆ:

"ವಿಷಯ: ವಾರ್ಡ್ 12ರ ಮಳೆನೀರು ಚರಂಡಿಗೆ ಹಣ ಮೀಸಲಿಡುವ ಬಗ್ಗೆ. ಪ್ರಸಕ್ತ ಸಾಲಿನ ಬಜೆಟ್ ಪುಸ್ತಕದ ಪುಟ 18ರಲ್ಲಿ ಚರಂಡಿ ದುರಸ್ತಿಗೆ 40 ಲಕ್ಷ ರೂ. ಇಡಲಾಗಿದ್ದು, ಡಿಸೆಂಬರ್ ಅಂತ್ಯಕ್ಕೆ 6 ಲಕ್ಷ ರೂ. ಖರ್ಚಾಗಿದೆ. ಶಾಲೆಯ ಹಿಂಭಾಗದ ಸುಮಾರು 200 ಮೀಟರ್ ಚರಂಡಿ ಮುಚ್ಚಿಹೋಗಿದ್ದು ಮಳೆಗಾಲದಲ್ಲಿ ನೀರು ಮನೆಗಳಿಗೆ ನುಗ್ಗುತ್ತಿದೆ (ಫೋಟೊ ಲಗತ್ತಿಸಿದೆ). ಉಳಿಕೆ ಹಣದಲ್ಲಿ ಈ ಕಾಮಗಾರಿಯನ್ನು ಹೆಸರಿಸಿ ಮುಂದಿನ ಸಾಲಿನ ಬಜೆಟ್‌ನಲ್ಲಿ ಸೇರಿಸಬೇಕು. ಈ ಮನವಿಯನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಬೇಕೆಂದು ಕೋರುತ್ತೇವೆ."

ಕೊನೆಯ ವಾಕ್ಯವನ್ನು ಮಾತ್ರ ಎಂದೂ ಬಿಡಬೇಡಿ. ನಡಾವಳಿ ಎಂದರೆ ಸಭೆಯಲ್ಲಿ ನಡೆದದ್ದರ ಅಧಿಕೃತ ಬರಹ. ಬೀದಿಯ ಹತ್ತು ಹನ್ನೆರಡು ಮನೆಯವರ ಸಹಿ ಹಾಕಿಸಿ, ಹೆಣ್ಣುಮಕ್ಕಳ ಸಹಿಯೂ ಇರಲಿ. ನೀರು, ಚರಂಡಿ, ಬೀದಿದೀಪದ ಕಷ್ಟ ಹೆಚ್ಚು ತಿಳಿದಿರುವುದು ಅವರಿಗೆ.

ಸಭೆಯ ದಿನಕ್ಕಿಂತ ಮೊದಲೇ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ನಕಲಿನ ಮೇಲೆ ಮೊಹರು, ದಿನಾಂಕ ಮತ್ತು ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ. "ಸಾಹೇಬರ ಟೇಬಲ್ ಮೇಲಿಟ್ಟು ಹೋಗಿ" ಎಂದರೆ ಒಪ್ಪಬೇಡಿ. ಮೊಹರು ಹಾಕಲು ನಿರಾಕರಿಸಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ವಾರ್ಡ್ ಸದಸ್ಯರಿಗೂ ಒಂದು ಪ್ರತಿ ತಲುಪಿಸಿ. ಕೌನ್ಸಿಲ್‌ನಲ್ಲಿ ಕೈ ಎತ್ತುವವರು ಅವರು.

## ಹಂತ 7: ಸಭೆಯ ದಿನ

ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಮುಂದೆ ಕೂತುಕೊಳ್ಳಿ. ಒಂದೇ ಬೀದಿಯಿಂದ ನಾಲ್ವರು ಬಂದಿದ್ದರೆ ನಾಲ್ವರೂ ಅದೇ ಚರಂಡಿಯ ಮಾತಾಡಬೇಡಿ. ವಿಷಯ ಹಂಚಿಕೊಳ್ಳಿ.

ಮಾತು ಎರಡು ಮೂರು ನಿಮಿಷದೊಳಗೆ ಮುಗಿಯಲಿ. ಹೆಸರು, ವಾರ್ಡು, ಇನ್‌ವರ್ಡ್ ಸಂಖ್ಯೆ, ಅಂಕಿ, ಕೋರಿಕೆ, ಅಷ್ಟೇ. ಕೂಡಲೇ ಒಂದು ನೇರ ಪ್ರಶ್ನೆ ಹಾಕಿ: "ಈ ಸಾಲಿನಲ್ಲಿ ಉಳಿದ ಹಣಕ್ಕೆ ಕಾರಣವೇನು ಎಂದು ಲೆಕ್ಕಾಧಿಕಾರಿಗಳು ತಿಳಿಸಬೇಕು." ಉತ್ತರ ಕೊಟ್ಟವರ ಹುದ್ದೆ ಮತ್ತು ಅವರ ಮಾತನ್ನು ಅಲ್ಲೇ ಬರೆದುಕೊಳ್ಳಿ.

ಪೌರಕಾರ್ಮಿಕರ, ವಾಲ್ವ್‌ಮನ್‌ಗಳ, ಬಿಲ್ ಕಲೆಕ್ಟರ್‌ಗಳ ಮೇಲೆ ವೈಯಕ್ತಿಕ ದೂರು ಇಲ್ಲಿ ಬೇಡ. ಅವರು ಉತ್ತರ ಕೊಡುವ ಸ್ಥಾನದಲ್ಲಿಲ್ಲ. ನಿಮ್ಮ ವಾರ್ಡಿಗೆ ಎಷ್ಟು ಪೌರಕಾರ್ಮಿಕರಿದ್ದಾರೆ, ಕೈಗವಸು ಮತ್ತು ಬೂಟಿಗೆ ಇಟ್ಟ ಹಣ ಖರ್ಚಾಗಿದೆಯೇ ಎಂದು ಕೇಳಿದರೆ ಅದು ಬಜೆಟ್ ಪ್ರಶ್ನೆ.

ಸಭೆ ರಾಜಕೀಯ ಜಗಳಕ್ಕೆ ತಿರುಗಿದರೆ ಅದರಲ್ಲಿ ಸೇರಬೇಡಿ. ಗದ್ದಲ ಹೆಚ್ಚಾಗಿ ಸಭೆ ಮುಂದೂಡಿದರೂ ಹಂತ 6ರ ಕಾಗದ ನಿಮ್ಮ ಪರವಾಗಿ ಕಡತದಲ್ಲಿರುತ್ತದೆ.

## ಹಂತ 8: ನಡಾವಳಿ, ಕೌನ್ಸಿಲ್, ಮತ್ತೆ ಬಜೆಟ್ ಪುಸ್ತಕ

ಸಭೆ ಮುಗಿದು ಎರಡು ವಾರದೊಳಗೆ ನಡಾವಳಿಯ ಪ್ರತಿ ಕೇಳಿ. ನಿಮ್ಮ ವಿಷಯ ಅದರಲ್ಲಿದೆಯೇ, ಇದ್ದರೆ ಯಾವ ಮಾತಿನಲ್ಲಿದೆ ನೋಡಿ. "ಸಾರ್ವಜನಿಕರು ವಿವಿಧ ಸಲಹೆ ನೀಡಿದರು" ಎಂಬ ಒಂದೇ ಸಾಲಿದ್ದರೆ ಅದು ಕೆಟ್ಟ ಸೂಚನೆ. ಇನ್‌ವರ್ಡ್ ಸಂಖ್ಯೆ ನಮೂದಿಸಿ, ನಿಮ್ಮ ಮನವಿಯನ್ನು ಸೇರಿಸಿ ನಡಾವಳಿ ತಿದ್ದಬೇಕೆಂದು ಪತ್ರ ಕೊಡಿ. ಎರಡನೆಯ ಸಭೆಯಲ್ಲಿ ಆ ಪತ್ರದಿಂದಲೇ ಮಾತು ಶುರುಮಾಡಿ.

ಕೌನ್ಸಿಲ್ ಅನುಮೋದಿಸಿದ ಬಜೆಟ್ ಕೈಗೆ ಬಂದಾಗ ನಿಮ್ಮ ಕಾಮಗಾರಿ ಹೆಸರಿನ ಸಮೇತ ಇದೆಯೋ, ಬರೀ "ಚರಂಡಿ ದುರಸ್ತಿ" ಎಂಬ ದೊಡ್ಡ ಮೊತ್ತದೊಳಗೆ ಕರಗಿದೆಯೋ ನೋಡಿ. ಕರಗಿದ್ದರೆ ಏಪ್ರಿಲ್‌ನಲ್ಲೇ ಕ್ರಿಯಾಯೋಜನೆಯ ಬಗ್ಗೆ ವಿಚಾರಿಸಿ. ಯಾವ ಬೀದಿಗೆ ಎಷ್ಟು ಎಂದು ನಿಜವಾಗಿ ತೀರ್ಮಾನವಾಗುವುದು ಆ ಪಟ್ಟಿಯಲ್ಲಿ, ಅದು ತಯಾರಾಗುವಾಗ ಸಾರ್ವಜನಿಕ ಸಭೆ ಇರುವುದಿಲ್ಲ. ಎಂಜಿನಿಯರ್ ಶಾಖೆಗೆ ನಿಮ್ಮ ಮನವಿಯ ನಕಲನ್ನು ಮತ್ತೊಮ್ಮೆ ಕೊಡಿ.

ಏನೂ ಸೇರಿಲ್ಲವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಇಡೀ ಕಡತದ ನಕಲು ಕಳಿಸಿ: ಮನವಿ, ಸ್ವೀಕೃತಿ, ನಡಾವಳಿ, ತಿದ್ದುಪಡಿ ಕೋರಿದ ಪತ್ರ, ಹೀಗೆ ದಿನಾಂಕದ ಕ್ರಮದಲ್ಲಿ. ಅಕ್ಟೋಬರ್ ಹೊತ್ತಿಗೆ ಅದೇ ಲೆಕ್ಕ ಶೀರ್ಷಿಕೆಯಲ್ಲಿ ಅರ್ಧ ವರ್ಷದ ಖರ್ಚು ಎಷ್ಟಾಗಿದೆ ಎಂದು ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಉತ್ತರ ಬರುವಷ್ಟರಲ್ಲಿ ನವೆಂಬರ್ ಆಗಿರುತ್ತದೆ, ಮುಂದಿನ ಪೂರ್ವಭಾವಿ ಸಭೆಗೆ ಬೇಕಾದ ಮೊದಲ ಅಂಕಿ ನಿಮ್ಮ ಕೈಯಲ್ಲಿರುತ್ತದೆ.